ಮುಟ್ಟಿನ ಕಪ್ ಕುದಿಸಿದರೂ ನವೆ, ವಾಸನೆ ಹೋಗ್ತಿಲ್ವಾ? ತೊಳೆಯುವುದರಿಂದ ಒಣಗಿಸುವವರೆಗೆ ಸರಿಯಾದ ಕ್ರಮ

ಕಳೆದ ತಿಂಗಳು ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ದಾವಣಗೆರೆಯಲ್ಲೇ ಡಿಗ್ರಿ ಓದುತ್ತಾಳೆ. "ಅಕ್ಕಾ, ಪ್ರತಿ ತಿಂಗಳು ಹತ್ತು ನಿಮಿಷ ಕುದಿಸ್ತೀನಿ. ಆದ್ರೂ ನವೆ ಬಿಡ್ತಿಲ್ಲ" ಅಂದಳು. ಕಪ್ ತೋರಿಸು ಅಂದೆ. ಬ್ಯಾಗಿನ ತಳದಿಂದ ಕರಿ ಕವರಿನಲ್ಲಿ ಸುತ್ತಿದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿದರೆ ಒಳಗೆಲ್ಲ ನೀರಿನ ಹನಿ, ಮುಗ್ಗಲು ವಾಸನೆ. ಕಪ್ಪಿನ ಅಂಚಿನ ಕೆಳಗೆ ಸಣ್ಣ ತೂತುಗಳಿರುತ್ತವಲ್ಲ, ಅವುಗಳಲ್ಲಿ ಎರಡು ಕಂದು ಬಣ್ಣಕ್ಕೆ ತಿರುಗಿ ಮುಚ್ಚಿಹೋಗಿದ್ದವು.

ಅವಳು ಕುದಿಸಿದ್ದು ಸುಳ್ಳಲ್ಲ. ಆದರೆ ಸರಿಯಾಗಿ ತೊಳೆಯದೆ ಕುದಿಸಿದ್ದಳು. ಕುದಿಸಿದ ಮೇಲೆ ಡ್ರಮ್ಮಿನ ನೀರಲ್ಲಿ ಅದ್ದಿದ್ದಳು. ಒಣಗಿಸದೆ ಮುಚ್ಚಿಟ್ಟಿದ್ದಳು. ದಾವಣಗೆರೆ, ಚಿತ್ರದುರ್ಗದ ಕಡೆ ಕಪ್ ಬಳಸುವ ಹೆಣ್ಣುಮಕ್ಕಳ ಜೊತೆ ಮಾತಾಡಿದಾಗೆಲ್ಲ ನನಗೆ ಇದೇ ಮೂರು ತಪ್ಪು ಸಿಗುತ್ತವೆ. ಎಲ್ಲರೂ ಕುದಿಸುವುದೊಂದನ್ನೇ ಲೆಕ್ಕಕ್ಕೆ ಇಡುತ್ತಾರೆ. ಅದರ ಹಿಂದಿನ ಕೆಲಸ, ಮುಂದಿನ ಕೆಲಸ ಬಿಟ್ಟುಹೋಗುತ್ತದೆ.

ನಾನು ಡಾಕ್ಟರ್ ಅಲ್ಲ. ಏಳು ವರ್ಷದಿಂದ ಕಪ್ ಬಳಸುತ್ತಿದ್ದೇನೆ, ಅಕ್ಕಪಕ್ಕದವರಿಗೆ ಹೇಳಿಕೊಡುತ್ತಿದ್ದೇನೆ. ಇಲ್ಲಿ ಬರೆದಿದ್ದು ಸಿಲಿಕೋನ್ ಕಪ್ಪಿಗೆ ಅನ್ವಯಿಸುತ್ತದೆ. ರಬ್ಬರ್ ಅಥವಾ ಬೇರೆ ಪ್ಲಾಸ್ಟಿಕ್ಕಿನ ಕಪ್ ಇದ್ದರೆ ಡಬ್ಬದಲ್ಲಿ ಬಂದ ಚೀಟಿಯಲ್ಲಿ ಎಷ್ಟು ನಿಮಿಷ ಬರೆದಿದೆಯೋ ಅಷ್ಟೇ ಕುದಿಸಿ.

## ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ಒಂದು ಚಿಕ್ಕ ಸ್ಟೀಲ್ ಪಾತ್ರೆ, ಸ್ಟೀಲಿನ ಟೀ ಸೋಸುವ ಜಾಲರಿ, ಒಂದು ಇಕ್ಕಳ, ಮೆತ್ತನೆಯ ಹೊಸ ಟೂತ್‌ಬ್ರಷ್, ಘಮ ಇಲ್ಲದ ಸೌಮ್ಯ ಸೋಪು, ಬಿಳಿ ಕಾಟನ್ ಬಟ್ಟೆಯ ಎರಡು ತುಂಡು, ಕಪ್ಪಿನ ಜೊತೆ ಬಂದ ಬಟ್ಟೆ ಚೀಲ. ಅಷ್ಟೇ ಸಾಕು. ಮಂಡಿಪೇಟೆಯಲ್ಲೋ ದುರ್ಗದ ಲಕ್ಷ್ಮೀ ಬಜಾರಿನಲ್ಲೋ ಯಾವ ಪಾತ್ರೆ ಅಂಗಡಿಗೆ ಹೋದರೂ ಸಿಗುತ್ತವೆ.

ಪಾತ್ರೆ ಇದಕ್ಕೇ ಬೇರೆ ಇರಲಿ. ಮೈಲಿಗೆ ಅಂತ ಈ ಮಾತು ಹೇಳುತ್ತಿಲ್ಲ. ಸಿಲಿಕೋನ್ ಎಣ್ಣೆ, ವಾಸನೆ, ಖಾರ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಒಗ್ಗರಣೆ ಹಾಕಿದ ಪಾತ್ರೆಯನ್ನು ಎಷ್ಟೇ ತಿಕ್ಕಿದರೂ ಸ್ವಲ್ಪ ಜಿಡ್ಡು ಉಳಿದೇ ಇರುತ್ತದೆ. ಅದರಲ್ಲಿ ಕುದಿಸಿದ ಕಪ್ ಹಾಕಿಕೊಂಡರೆ ಆಗುವ ಉರಿ ಸಣ್ಣದಲ್ಲ. ಎಷ್ಟೋ ಜನ ಆ ಉರಿಯನ್ನೇ ಸೋಂಕು ಅಂದುಕೊಂಡು ಔಷಧಿ ಅಂಗಡಿಗೆ ಹೋಗಿ ಮುಲಾಮು ತರುತ್ತಾರೆ.

## ನೀರು ಯಾವುದು ಅನ್ನುವುದು ನಮ್ಮ ಕಡೆ ದೊಡ್ಡ ಪ್ರಶ್ನೆ

ಬೋರ್ ನೀರಲ್ಲಿ ಕಪ್ ಕುದಿಸಿ ನೋಡಿ. ನಾಲ್ಕೈದು ಸಲಕ್ಕೆ ಮೈಮೇಲೆ ಬಿಳಿ ಪುಡಿ ಕೂರುತ್ತದೆ. ಹಂಡೆಯ ಒಳಗೆ, ಗೀಸರ್ ಕಾಯಿಲ್ ಮೇಲೆ ಕಟ್ಟುವುದೂ ಇದೇ ಸುಣ್ಣದ ಪದರ. ಗಡಸು ನೀರು ಕುದಿದಾಗ ಅದರಲ್ಲಿರುವ ಸುಣ್ಣದ ಅಂಶ ಬೇರ್ಪಟ್ಟು ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಅದು ಕ್ರಿಮಿ ಅಲ್ಲ, ನಿಜ. ಆದರೆ ನುಣ್ಣಗಿದ್ದ ಕಪ್ ತರಕಲಾಗುತ್ತದೆ. ತರಕಲು ಮೈಯಲ್ಲಿ ರಕ್ತದ ಜಿಡ್ಡು, ಕ್ರಿಮಿ ಎರಡೂ ಸುಲಭವಾಗಿ ಉಳಿಯುತ್ತವೆ. ಒಳಗಿನ ನಾಜೂಕು ಚರ್ಮಕ್ಕೂ ಉಜ್ಜುತ್ತದೆ.

ದಾವಣಗೆರೆಯಲ್ಲಿ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಯಿಂದ ಬರುವ ನಲ್ಲಿ ನೀರು, ದುರ್ಗದಲ್ಲಿ ಶಾಂತಿಸಾಗರ, ವಾಣಿವಿಲಾಸ ಸಾಗರದಿಂದ ಬರುವ ನೀರು ಕುದಿಸಲು ಬೋರ್ ನೀರಿಗಿಂತ ಮೇಲು. ಬೋರ್ ನೀರು ಬಿಟ್ಟರೆ ಬೇರೆ ಇಲ್ಲ ಅನ್ನುವ ಹಳ್ಳಿಗಳಲ್ಲಿ ಕಾಯಿನ್ ಹಾಕಿ ತುಂಬಿಸುವ ಶುದ್ಧ ನೀರಿನ ಘಟಕದ ನೀರು ಬಳಸಿ. ಒಂದು ಸಲಕ್ಕೆ ಬೇಕಾಗುವುದು ಒಂದು ಲೀಟರ್ ಮಾತ್ರ.

ಈಗಾಗಲೇ ಬಿಳಿ ಪದರ ಕಟ್ಟಿದ್ದರೆ ಬ್ಲೇಡು, ಸ್ಟೀಲ್ ನಾರು ಹಾಕಿ ಕೆರೆಯಬೇಡಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಸೋಸಿದ ನಿಂಬೆರಸ ಹಾಕಿ, ಕಪ್ಪನ್ನು 15 ನಿಮಿಷ ನೆನೆಸಿ, ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿ. ಆಮೇಲೆ ಚೆನ್ನಾಗಿ ತೊಳೆದು ಮಾಮೂಲಿನಂತೆ ಕುದಿಸಿ. ಹುಳಿ ಬಳಸಬೇಡಿ ಅಂತ ಕೆಲವು ಕಂಪನಿಗಳು ಹೇಳುತ್ತವೆ. ಹಾಗಾಗಿ ಚೀಟಿ ಒಮ್ಮೆ ನೋಡಿಕೊಳ್ಳಿ. ಪ್ರತಿ ತಿಂಗಳು ಮಾಡುವ ಕೆಲಸವೂ ಇದಲ್ಲ.

## ಹಂತ 1: ಕೈ

ಕಪ್ ತೆಗೆಯುವ ಮುಂಚೆ ಒಮ್ಮೆ, ಹಾಕಿಕೊಳ್ಳುವ ಮುಂಚೆ ಒಮ್ಮೆ, ಸೋಪು ಹಚ್ಚಿ ಕನಿಷ್ಠ 20 ಸೆಕೆಂಡ್ ಕೈ ತೊಳೆಯಿರಿ. ಉಗುರಿನ ಸಂದು, ಬೆರಳಿನ ಸಂದು, ಉಂಗುರದ ಕೆಳಗೆ. ಬಹಳ ಜನ ತೆಗೆದ ಮೇಲೆ ಮಾತ್ರ ತೊಳೆಯುತ್ತಾರೆ. ಒಳಗೆ ಹೋಗುವುದು ತೊಳೆಯದ ಬೆರಳು, ಅಲ್ವಾ? ಉಗುರು ಉದ್ದ ಇದ್ದರೆ ಕಪ್ಪಿಗೂ ಗೀರು, ಚರ್ಮಕ್ಕೂ ಗೀರು.

ಮೆಣಸಿನಕಾಯಿ ಹೆಚ್ಚಿದ ದಿನ ಕೈಗೆ ಮೊದಲು ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ ಎರಡು ಸಲ ತೊಳೆಯಿರಿ. ಖಾರ ಬರೀ ನೀರಿಗೆ ಬಿಡುವುದಿಲ್ಲ.

## ಹಂತ 2: ತೆಗೆದು, ತಣ್ಣೀರಲ್ಲಿ ತೊಳೆಯುವುದು

ಕಪ್ಪಿನ ತುದಿಯಲ್ಲಿರುವ ಬಾಲ ಹಿಡಿದು ಎಳೆಯಬೇಡಿ. ಕಪ್ಪಿನ ಬುಡವನ್ನು ಎರಡು ಬೆರಳಲ್ಲಿ ಒತ್ತಿ, ಒಳಗಿನ ಗಾಳಿಯ ಹಿಡಿತ ಬಿಡಿಸಿ, ಆಮೇಲೆ ನಿಧಾನಕ್ಕೆ ತೆಗೆಯಿರಿ. ಕಾಪರ್-ಟಿ ಹಾಕಿಸಿಕೊಂಡವರು ಇದನ್ನು ಮರೆಯಲೇಬಾರದು. ಹಿಡಿತ ಬಿಡಿಸದೆ ಎಳೆದರೆ ಕಾಪರ್-ಟಿ ಜಾರುವ ಸಾಧ್ಯತೆ ಇದೆ. ಅವರು ಕಪ್ ಶುರು ಮಾಡುವ ಮುಂಚೆಯೇ ಡಾಕ್ಟರನ್ನು ಕೇಳಿ.

ಮೊದಲ ತೊಳೆತ ತಣ್ಣೀರಲ್ಲಿ. ಕ್ರಮ ತಪ್ಪುವುದು ಇಲ್ಲೇ. ಬಿಸಿನೀರಿಗೆ ಹಾಕಿದರೆ ರಕ್ತ ಮೊಟ್ಟೆಯ ಬಿಳಿಯಂತೆ ಬೆಂದು ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಅಂಟಿದ ಆ ಪದರದ ಅಡಿಯಲ್ಲಿ ಕ್ರಿಮಿ ಬಚ್ಚಿಟ್ಟುಕೊಳ್ಳುತ್ತದೆ. ರಕ್ತ ಪೂರ್ತಿ ಹೋದ ಮೇಲೆ ಸೋಪು, ಉಗುರುಬೆಚ್ಚಗಿನ ನೀರು. ಅಂಚಿನ ಸುತ್ತ, ಹೊರಮೈಯ ಗೀರುಗಳಲ್ಲಿ, ಬಾಲದ ಬುಡದಲ್ಲಿ ಬೆರಳು ಆಡಿಸಿ. ಜಾರುವ ಜಿಡ್ಡು ಹೋಗಿ, ಬೆರಳು ಕಚ್ಚಿ ಹಿಡಿಯುವಂತಾದರೆ ಕಪ್ ಸ್ವಚ್ಛವಾಯಿತು ಅಂತ ಅರ್ಥ.

ಡೆಟಾಲ್, ಸ್ಯಾವ್ಲಾನ್, ಬ್ಲೀಚಿಂಗ್ ಪೌಡರ್, ಪಾತ್ರೆ ಸೋಪು, ಅರಿಶಿನದ ನೀರು ಯಾವುದೂ ಬೇಡ. ಕ್ರಿಮಿ ಸಾಯಲಿ ಅಂತಲೇ ಹಾಕುತ್ತಾರೆ, ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಯೋನಿಯೊಳಗೆ ಒಳ್ಳೆಯ ಜೀವಾಣುಗಳಿವೆ. ಮೊಸರು ಹೆಪ್ಪಾಗಿಸುವ ಜೀವಾಣುಗಳ ಜಾತಿಯವು. ಅವು ಒಳಗನ್ನು ಹುಳಿಯಾಗಿ ಇಟ್ಟು ಕೆಟ್ಟ ಕ್ರಿಮಿ ಬೆಳೆಯದ ಹಾಗೆ ಕಾಯುತ್ತವೆ. ಇಂಥ ಔಷಧದ ಅಂಶ ಕಪ್ಪಿನಲ್ಲಿ ಉಳಿದು ಒಳಗೆ ಹೋದರೆ ಚರ್ಮ ಉರಿಯುತ್ತದೆ, ಕಾಯುವ ಜೀವಾಣುಗಳೂ ಸಾಯುತ್ತವೆ. ಒಳಗೆ ಸೋಪು ಹಾಕಿ ತೊಳೆದುಕೊಳ್ಳುವುದೂ ಇದೇ ಕಾರಣಕ್ಕೆ ತಪ್ಪು.

## ಹಂತ 3: ಆ ಸಣ್ಣ ತೂತುಗಳು

ಅಂಚಿನ ಕೆಳಗಿನ ತೂತುಗಳು ಗಾಳಿ ಹಿಡಿತ ಬಿಡಿಸಲು ಇರುವುದು. ಕೊಳೆ ಕೂರುವ ಮೊದಲ ಜಾಗವೂ ಅದೇ. ಸೂಜಿ, ಪಿನ್ ಚುಚ್ಚಬೇಡಿ, ತೂತು ಹರಿಯುತ್ತದೆ.

ಹೀಗೆ ಮಾಡಿ. ಕಪ್ಪಿನ ತುಂಬ ನೀರು ತುಂಬಿ. ಬಾಯಿಯನ್ನು ಅಂಗೈಗೆ ಬಿಗಿಯಾಗಿ ಒತ್ತಿ ತಲೆಕೆಳಗು ಮಾಡಿ. ಈಗ ಮೈ ಹಿಂಡಿ. ತೂತುಗಳಿಂದ ನೀರು ಸಣ್ಣ ಪಿಚಕಾರಿಯ ಹಾಗೆ ಚಿಮ್ಮಬೇಕು. ನಾಲ್ಕು ತೂತಿದ್ದರೆ ನಾಲ್ಕೂ ಕಡೆ ಚಿಮ್ಮಬೇಕು. ಚಿಮ್ಮದಿದ್ದರೆ ಹತ್ತು ನಿಮಿಷ ಸೋಪುನೀರಲ್ಲಿ ನೆನೆಸಿ, ಬೆರಳಲ್ಲಿ ಆ ಜಾಗವನ್ನು ಹಿಗ್ಗಿಸಿ ಬ್ರಷ್ ಆಡಿಸಿ, ಮತ್ತೆ ಹಿಂಡಿ. ಮೇಲೆ ಹೇಳಿದ ಹುಡುಗಿ ಇದನ್ನು ನನ್ನ ಎದುರೇ ಮಾಡಿದಳು. ಮೂರನೇ ಸಲಕ್ಕೆ ಒಂದು ಕಂದು ಚೂರು ಹೊರಗೆ ಬಂತು. ಎಷ್ಟೋ ತಿಂಗಳು ಅವಳು ಆ ಚೂರನ್ನೂ ಸೇರಿಸಿಯೇ ಕುದಿಸಿದ್ದಳು.

## ಹಂತ 4: ಕುದಿಸುವುದು

ಪಾತ್ರೆಗೆ ಧಾರಾಳವಾಗಿ ನೀರು ಹಾಕಿ. ಕಪ್ ಪೂರ್ತಿ ಮುಳುಗಿ ಮೇಲೆ ಎರಡು ಮೂರು ಬೆರಳು ನೀರಿರಬೇಕು. ಕಪ್ಪನ್ನು ಟೀ ಜಾಲರಿಯಲ್ಲಿ ಬಾಯಿ ಮೇಲೆ ಮಾಡಿ ಇಟ್ಟು ಮುಳುಗಿಸಿ. ಒಳಗೆ ಗಾಳಿ ಉಳಿದರೆ ತೇಲುತ್ತದೆ, ತೇಲಿದ ಭಾಗ ಬೇಯುವುದಿಲ್ಲ. ಜಾಲರಿ ಪಾತ್ರೆಯ ಅಂಚಿಗೆ ತಗುಲಿಕೊಂಡಿರಲಿ, ಕಪ್ ತಳಕ್ಕೆ ತಾಗದಿರಲಿ. ತಳದ ಕಾವಿಗೆ ಸಿಲಿಕೋನ್ ಕೂಡ ಸುಟ್ಟು ಸೊಟ್ಟಗಾಗುತ್ತದೆ.

ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಗಡಿಯಾರ ನೋಡಿ. ಕಂಪನಿಗಳು ಸಾಮಾನ್ಯವಾಗಿ 5ರಿಂದ 10 ನಿಮಿಷ ಅನ್ನುತ್ತವೆ. ನಿಮ್ಮ ಚೀಟಿಯಲ್ಲಿ ಬೇರೆ ಲೆಕ್ಕ ಇಲ್ಲದಿದ್ದರೆ 10 ನಿಮಿಷ ಇಟ್ಟುಕೊಳ್ಳಿ. ಒಲೆ ಹಚ್ಚಿದ ಹೊತ್ತಿನಿಂದ ಎಣಿಸಿದರೆ ಅದರಲ್ಲಿ ಅರ್ಧ ಬರೀ ನೀರು ಕಾಯುವುದಕ್ಕೇ ಹೋಗುತ್ತದೆ. ದುರ್ಗ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿರುವುದರಿಂದ ನೀರು 100 ಡಿಗ್ರಿಗೆ ಸ್ವಲ್ಪ ಮುಂಚೆಯೇ ಕುದಿಯುತ್ತದೆ. ಇದಕ್ಕಾಗಿ ಚಿಂತೆ ಬೇಡ, ಸೋಂಕು ತರುವ ಸಾಮಾನ್ಯ ಕ್ರಿಮಿಗಳಿಗೆ ಅಷ್ಟು ಕಾವು ಸಾಕು.

ಮೊಬೈಲಿನಲ್ಲಿ ಅಲಾರಾಂ ಇಟ್ಟು, ಒಲೆ ಬಿಟ್ಟು ಕದಲಬೇಡಿ. ಮೊದಲ ವರ್ಷ ನಾನು ಕುದಿಯಲು ಇಟ್ಟು ಬಾಗಿಲಲ್ಲಿ ಮಾತಿಗೆ ನಿಂತೆ. ನೀರು ಆರಿ, ಕಪ್ಪಿನ ಒಂದು ಕಡೆ ಪಾತ್ರೆಗೆ ಕಚ್ಚಿಕೊಂಡಿತ್ತು. ಹೊಸ ಕಪ್ ಕೊಳ್ಳಬೇಕಾಯಿತು.

ಆಸ್ಪತ್ರೆಯವರ ಹಾಗೆ ಪ್ರೆಷರ್ ಕುಕ್ಕರಿನಲ್ಲಿ ಇಡಬೇಕಾ ಅಂತ ಕೇಳುತ್ತಾರೆ. ಬೇಡ. ಆಸ್ಪತ್ರೆಯ ಆಟೋಕ್ಲೇವ್ 121 ಡಿಗ್ರಿ ಹಬೆಯಲ್ಲಿ ಗಟ್ಟಿ ಚಿಪ್ಪಿನ ಕ್ರಿಮಿಬೀಜಗಳನ್ನೂ ಕೊಲ್ಲುತ್ತದೆ. ಅದು ಒಬ್ಬರಿಗೆ ಬಳಸಿದ ಸಲಕರಣೆ ಇನ್ನೊಬ್ಬರಿಗೆ ಬಳಸುವಾಗ ಬೇಕೇ ಬೇಕು. ನಿಮ್ಮ ಕಪ್ ನಿಮಗೊಬ್ಬರಿಗೇ. ಕುದಿಸುವುದು ಸಾಕಾಗುವುದು ಈ ಕಾರಣಕ್ಕೇ. ಅಕ್ಕ ತಂಗಿ ಆಗಲಿ, ತಾಯಿ ಮಗಳಾಗಲಿ ಒಂದೇ ಕಪ್ ಹಂಚಿಕೊಳ್ಳಬಾರದು ಅನ್ನುವುದೂ ಈ ಕಾರಣಕ್ಕೇ.

### ಅಡುಗೆಮನೆಗೆ ಹೋಗಲು ಬಿಡದ ಮನೆಗಳಲ್ಲಿ

ಆ ದಿನಗಳಲ್ಲಿ ಒಳಗೆ ಬರಬೇಡ ಅನ್ನುವ ಮನೆಗಳು ಇನ್ನೂ ಬಹಳ ಇವೆ. ಅಂಥ ಕಡೆ ಡೇಟ್ ಬರುವ ಒಂದೆರಡು ದಿನ ಮುಂಚೆಯೇ ಕುದಿಸಿ, ಒಣಗಿಸಿ ಇಟ್ಟುಕೊಳ್ಳಿ. ಮುಗಿದ ಮೇಲೆ ಬಚ್ಚಲುಮನೆಯ ನೀರೊಲೆಯ ಮೇಲೆ ಚಿಕ್ಕ ಪಾತ್ರೆ ಇಟ್ಟರೂ ಆಗುತ್ತದೆ, ಬೆಂಕಿಗೆ ಭೇದವಿಲ್ಲ.

ಹಾಸ್ಟೆಲ್ ಹುಡುಗಿಯರು ಕೆಟಲ್ ನೀರು ಲೋಟಕ್ಕೆ ಸುರಿದು ಅದರಲ್ಲಿ ಕಪ್ ಅದ್ದುತ್ತಾರೆ. ಅದು ಕುದಿಸಿದಂತಲ್ಲ. ಲೋಟಕ್ಕೆ ಬಿದ್ದ ಕೂಡಲೇ ನೀರು ಆರಲು ಶುರುವಾಗುತ್ತದೆ. ಮಾಮೂಲಿ ಕೆಟಲ್ ಕುದಿ ಬಂದ ತಕ್ಷಣ ತಾನೇ ಆಫ್ ಆಗುತ್ತದೆ. ಮ್ಯಾಗಿ ಬೇಯಿಸುವ, ಗುಂಡಿ ತಿರುಗಿಸಿದಷ್ಟು ಹೊತ್ತು ಕುದಿಯುವ ಕೆಟಲ್ ಇದ್ದರೆ ಅದರಲ್ಲಿ ಜಾಲರಿ ಇಟ್ಟು ಕುದಿಸಬಹುದು. ಆದರೆ ಅದರಲ್ಲಿ ಮ್ಯಾಗಿ ಮಾಡುವ ಹಾಗಿಲ್ಲ, ಮಸಾಲೆಯ ಕಥೆ ಆಗಲೇ ಹೇಳಿದ್ದೇನೆ.

## ಹಂತ 5: ಕುದಿಸಿದ್ದನ್ನು ಮತ್ತೆ ಕೆಡಿಸದಿರುವುದು

ಹತ್ತು ನಿಮಿಷ ಕುದಿಸಿ, ಬಿಸಿ ಅಂತ ಡ್ರಮ್ಮಿನ ನೀರಲ್ಲಿ ಅದ್ದಿ ತೆಗೆಯುತ್ತಾರೆ. ನಾಲ್ಕೈದು ದಿನದಿಂದ ತುಂಬಿಟ್ಟ ನೀರು, ಚೊಂಬು ಮುಳುಗಿಸುವ ಕೈ. ಕುದಿಸಿದ್ದೆಲ್ಲ ವ್ಯರ್ಥ.

ಒಲೆ ಆರಿಸಿ, ಪಾತ್ರೆಯ ನೀರು ಬಸಿದು, ಮುಚ್ಚಳ ಅರೆ ಮುಚ್ಚಿ ಅಲ್ಲೇ ಆರಲು ಬಿಡಿ. ಇಲ್ಲವೇ ಕಪ್ಪಿನ ಜೊತೆಗೇ ಕುದಿಸಿದ ಇಕ್ಕಳದಿಂದ ಜಾಲರಿ ಎತ್ತಿ ಶುಭ್ರ ಬಟ್ಟೆಯ ಮೇಲಿಡಿ. ಹಾಕಿಕೊಳ್ಳುವಾಗ ಒದ್ದೆ ಬೇಕಿದ್ದರೆ ಕುದಿಸಿ ಆರಿಸಿದ ನೀರನ್ನೇ ಬಳಸಿ. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಬೇಡ.

## ಹಂತ 6: ಒಣಗಿಸುವುದು, ಎತ್ತಿಡುವುದು

ನನ್ನ ಅನುಭವದಲ್ಲಿ ಜಾಸ್ತಿ ಜನ ಸೋಲುವುದು ಇಲ್ಲೇ. ಯಾರಿಗೂ ಕಾಣಬಾರದು ಅಂತ ಒದ್ದೆ ಕಪ್ಪನ್ನೇ ಕವರಿನಲ್ಲಿ ಸುತ್ತಿ ಸೀರೆಗಳ ಅಡಿ ತುರುಕುತ್ತಾರೆ. ದುಗ್ಗಮ್ಮನ ಜಾತ್ರೆಯಂಥ ಹೊತ್ತಲ್ಲಿ ಮನೆ ತುಂಬ ನೆಂಟರು, ಒಂದೇ ಬಚ್ಚಲು. ಆಗ ಒಣಗಿಸಲು ಜಾಗ ಎಲ್ಲಿದೆ ಅಂತ ಕೇಳುತ್ತಾರೆ. ಕಷ್ಟ ನಿಜವಾದದ್ದೇ. ಆದರೆ ತೇವ, ಕತ್ತಲೆ, ಗಾಳಿ ಇಲ್ಲದ ಡಬ್ಬಿ ಮೂರೂ ಸೇರಿದರೆ ಬೂಸ್ಟು ಬೆಳೆಯಲು ಬೇರೇನೂ ಬೇಕಿಲ್ಲ.

ಒರೆಸಬೇಡಿ, ಟವೆಲ್ಲಿನ ನೂಲು ಅಂಟುತ್ತದೆ. ನೀರು ಕೊಡವಿ, ಕಾಟನ್ ಬಟ್ಟೆಯ ಮೇಲೆ ಬಾಯಿ ಮೇಲೆ ಮಾಡಿ ಇಡಿ, ಮೇಲೊಂದು ತೆಳು ಬಟ್ಟೆ ಹೊದಿಸಿ. ನೋಡುವವರಿಗೆ ಒಗೆದ ಕರ್ಚೀಫಿನ ಹಾಗೆ ಕಾಣುತ್ತದೆ. ಬೀರುವಿನ ಮೇಲೆ, ಕಿಟಕಿಯ ಪಕ್ಕ, ಎಲ್ಲಾದರೂ ಗಾಳಿ ಆಡುವ ಜಾಗ. ಬೇಸಿಗೆಯಲ್ಲಿ ಒಂದೆರಡು ಗಂಟೆ, ಮಳೆಗಾಲದಲ್ಲಿ ಒಂದು ರಾತ್ರಿ. ತೂತುಗಳಲ್ಲಿ ನೀರು ನಿಂತಿಲ್ಲ ಅಂತ ನೋಡಿ ಚೀಲಕ್ಕೆ ಹಾಕಿ.

ಆ ಚೀಲವನ್ನು ಕೊನೆಯ ಸಲ ಯಾವಾಗ ಒಗೆದಿರಿ? ಕೇಳಿದರೆ ಬಹಳ ಜನ ಸುಮ್ನೆ ನನ್ನ ಮುಖ ನೋಡುತ್ತಾರೆ. ಪ್ರತಿ ತಿಂಗಳು ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಹಾಕಿ, ಸಾಧ್ಯವಾದರೆ ಇಸ್ತ್ರಿ ಮಾಡಿ.

## ಮುಟ್ಟಿನ ದಿನಗಳ ನಡುವೆ

ಕಪ್ ಒಳಗಿರಬೇಕಾದದ್ದು ಹೆಚ್ಚೆಂದರೆ 12 ಗಂಟೆ. ನಾನು 8 ಗಂಟೆ ದಾಟಿಸುವುದಿಲ್ಲ. ಪ್ರತಿ ಸಲ ತಣ್ಣೀರು, ಸೋಪು, ಮತ್ತೆ ಶುದ್ಧ ನೀರು. ದಿನವೂ ಕುದಿಸಲೇಬೇಕು ಅಂತ ಕಂಪನಿಗಳು ಹೇಳುವುದಿಲ್ಲ, ಆದರೆ ಪದೇ ಪದೇ ಸೋಂಕು ಬರುವವರು ಎರಡು ಕಪ್ ಇಟ್ಟುಕೊಂಡು ಒಂದಾದ ಮೇಲೊಂದು ಕುದಿಸಿ ಬಳಸುವುದು ಒಳ್ಳೆಯದು. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದಾಗ ಬರೀ ನೀರಲ್ಲಿ ತೊಳೆದ ಕಪ್ಪಿನ ಮೇಲೆ ಸ್ಟ್ಯಾಫಿಲೊಕಾಕಸ್ ಅನ್ನುವ ಕ್ರಿಮಿಯ ಪದರ ಉಳಿದಿತ್ತು. ಎರಡನೇ ಕಪ್ ಇಟ್ಟುಕೊಂಡು ನಡುವೆ ಕುದಿಸಿ ಅಂತ ಅವರೂ ಸಲಹೆ ಕೊಟ್ಟರು.

ಕಾಲೇಜು, ಬಸ್ ಸ್ಟ್ಯಾಂಡಿನಲ್ಲಿ ನೀರು ನಂಬುವ ಹಾಗಿಲ್ಲದಿದ್ದರೆ ಅರ್ಧ ಲೀಟರ್ ಕುಡಿಯುವ ನೀರಿನ ಬಾಟಲಿ ಒಳಗೆ ಒಯ್ಯಿರಿ. ಕಪ್ ಶೌಚಾಲಯದ ಗುಂಡಿಗೆ ಬಿದ್ದರೆ ತೊಳೆದು ಅಲ್ಲೇ ಹಾಕಿಕೊಳ್ಳಬೇಡಿ. ಆ ಹೊತ್ತಿಗೆ ಪ್ಯಾಡ್ ಬಳಸಿ. ಸಾರ್ವಜನಿಕ ಶೌಚಾಲಯದ್ದಾದರೆ ನಾನು ಆ ಕಪ್ಪನ್ನು ಎಸೆಯುತ್ತೇನೆ.

## ಕಪ್ ಬದಲಿಸಬೇಕು ಅನ್ನುವ ಗುರುತು

ಬಣ್ಣ ಮಾಸಿದ್ದಕ್ಕೆ ಹೆದರಬೇಡಿ. ಸೀಳು, ಹರಿದ ತೂತು, ಅಂಟಂಟು, ಮುಟ್ಟಿದರೆ ಪುಡಿ ಬರುವುದು, ತೊಳೆದು ಕುದಿಸಿದ ಮೇಲೂ ಹೋಗದ ವಾಸನೆ. ಇವುಗಳಲ್ಲಿ ಒಂದು ಕಂಡರೂ ಎಸೆಯಿರಿ.

## ಮೈ ಕೊಡುವ ಎಚ್ಚರಿಕೆ

ಒಡೆದ ಮೊಸರಿನಂಥ ಬಿಳಿ ಸೆರಗು ಮತ್ತು ನವೆ, ಬೂದು ಬಣ್ಣದ ನೀರಿನಂಥ ಸ್ರಾವ ಮತ್ತು ಮೀನಿನ ವಾಸನೆ, ಉರಿಮೂತ್ರ, ಕಿಬ್ಬೊಟ್ಟೆ ನೋವು. ಇಂಥದ್ದು ಕಂಡರೆ ಕಪ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಸೋಂಕು ಪೂರ್ತಿ ವಾಸಿಯಾಗುವವರೆಗೆ ಪ್ಯಾಡ್ ಅಥವಾ ಬಟ್ಟೆ ಬಳಸಿ. ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಬೇಡ, ಯಾಕೆಂದರೆ ಬೂಸ್ಟಿನ ಸೋಂಕಿನ ಔಷಧಿಯೇ ಬೇರೆ, ಜೀವಾಣುವಿನ ಸೋಂಕಿನ ಔಷಧಿಯೇ ಬೇರೆ. ಹೆರಿಗೆ ಅಥವಾ ಗರ್ಭಪಾತ ಆದವರು ಡಾಕ್ಟರ್ ಒಪ್ಪುವವರೆಗೆ ಕಪ್ ಮುಟ್ಟಬೇಡಿ.

ಇನ್ನೊಂದಿದೆ, ಬಹಳ ಅಪರೂಪ, ಆದರೆ ಗಂಟೆಗಳಲ್ಲಿ ಪ್ರಾಣಕ್ಕೆ ಬರುವಂಥದ್ದು. ಟಾಕ್ಸಿಕ್ ಶಾಕ್ ಸಿಂಡ್ರೋಮ್ ಅನ್ನುತ್ತಾರೆ. ಕ್ರಿಮಿ ಬಿಡುವ ವಿಷ ರಕ್ತಕ್ಕೆ ಸೇರುವುದು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ, 43 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವರದಿಯಲ್ಲಿ ಕಪ್ ಬಳಸುವವರಲ್ಲಿ ಇಂಥ ಐದು ಪ್ರಕರಣ ಕಂಡುಬಂದಿದ್ದವು. ಇದ್ದಕ್ಕಿದ್ದಂತೆ 102 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ, ವಾಂತಿ, ಭೇದಿ, ಬಿಸಿಲಿಗೆ ಸುಟ್ಟಂಥ ಕೆಂಪು ಗಂಧೆ, ತಲೆ ತಿರುಗುವುದು, ಮೈಕೈ ವಿಪರೀತ ನೋವು. ಮುಟ್ಟಿನ ದಿನಗಳಲ್ಲಿ ಇವು ಕಂಡರೆ ಮೊದಲು ಕಪ್ ತೆಗೆಯಿರಿ. ಬೆಳಗಾಗಲಿ ಅಂತ ಕಾಯಬೇಡಿ. ದಾವಣಗೆರೆಯವರು ಚಿಗಟೇರಿ ಆಸ್ಪತ್ರೆಗೆ, ದುರ್ಗದವರು ಜಿಲ್ಲಾಸ್ಪತ್ರೆಗೆ, ಇಲ್ಲವೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಅಲ್ಲಿ ಮೊದಲ ಮಾತಲ್ಲೇ "ಮುಟ್ಟಿನ ಕಪ್ ಹಾಕಿದ್ದೆ, ಇಷ್ಟು ಗಂಟೆ ಒಳಗಿತ್ತು" ಅಂತ ಹೇಳಿ. ಜೊತೆಗೆ ಅಪ್ಪನೋ ಅಣ್ಣನೋ ನಿಂತಿದ್ದರೂ ಹೇಳಿ. ಬಾಯಿ ಬಾರದಿದ್ದರೆ ಚೀಟಿಯಲ್ಲಿ ಬರೆದು ನರ್ಸ್ ಕೈಗೆ ಕೊಡಿ. ನೀವು ಹೇಳದಿದ್ದರೆ ಡಾಕ್ಟರ್ ಅದನ್ನು ಮಾಮೂಲಿ ವಾಂತಿ ಜ್ವರ ಅಂದುಕೊಳ್ಳುವ ಸಾಧ್ಯತೆ ಇದೆ.